ಮಂಡಿಯ ತಟ್ಟು, ಪಾದದ ಗೀರು

ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿಗೆ ಮೆಲ್ಲನೆ ತಟ್ಟಿದರೆ ಕಾಲು ತಾನಾಗಿ ಮುಂದಕ್ಕೆ ಚಿಮ್ಮುತ್ತದೆ. ರೋಗಿಯನ್ನು ಪರೀಕ್ಷಿಸಲು ಇದನ್ನು ಬಳಸಬಹುದೆಂದು ವೈದ್ಯಲೋಕಕ್ಕೆ ತಿಳಿದದ್ದು 1875ರಲ್ಲಿ. ಹೈಡೆಲ್‌ಬರ್ಗ್‌ನ ವಿಲ್ಹೆಲ್ಮ್ ಎರ್ಬ್ ಮತ್ತು ಬರ್ಲಿನ್ನಿನ ಕಾರ್ಲ್ ವೆಸ್ಟ್‌ಫಾಲ್ ಸ್ವತಂತ್ರವಾಗಿ ಇದನ್ನು ಗಮನಿಸಿದ್ದರು. ಇಬ್ಬರ ಲೇಖನಗಳೂ ಆ ವರ್ಷ ಒಂದೇ ಜರ್ಮನ್ ಪತ್ರಿಕೆಯಲ್ಲಿ ಅಚ್ಚಾದವು.

ಕಂಡದ್ದು ಒಂದೇ ಆದರೂ ಇಬ್ಬರ ವಿವರಣೆ ಬೇರೆ. ಸುದ್ದಿ ಮಿದುಳುಬಳ್ಳಿಗೆ ಹೋಗಿ ಮರಳುವ ಪರಾವರ್ತಿತ ಪ್ರತಿಕ್ರಿಯೆ ಇದೆಂದು ಎರ್ಬ್ ಹೇಳಿದರು. ಪೆಟ್ಟಿಗೆ ಸ್ನಾಯುವೇ ನೇರವಾಗಿ ಸೆಟೆಯುತ್ತದೆಂದು ವೆಸ್ಟ್‌ಫಾಲ್ ನಂಬಿದರು. ಕಾಲು ಚಿಮ್ಮುವ ವೇಗ ನೋಡಿದರೆ ಆ ಸಂದೇಹ ಸಹಜವೇ. ಆದರೆ ಎರ್ಬ್ ಹೇಳಿದ್ದೇ ನಿಜವಾಯಿತು. ಸ್ನಾಯುವನ್ನು ಹಿಗ್ಗಿಸುವುದೇ ಇದಕ್ಕೆ ಪ್ರಚೋದನೆಯೆಂದು 1924ರಲ್ಲಿ ಲಿಡೆಲ್ ಮತ್ತು ಶೆರಿಂಗ್ಟನ್ ತೋರಿಸಿಕೊಟ್ಟರು.

ವಿವರಣೆಯಲ್ಲಿ ಎಡವಿದ ವೆಸ್ಟ್‌ಫಾಲ್ ರೋಗನಿದಾನಕ್ಕೆ ಕೊಟ್ಟ ಕೊಡುಗೆ ದೊಡ್ಡದು. ಮಿದುಳುಬಳ್ಳಿಯನ್ನು ಕೆಡಿಸಿ ನಡಿಗೆ ತಪ್ಪಿಸುವ ಟೇಬಿಸ್ ರೋಗದಲ್ಲಿ ಮಂಡಿಯ ಈ ಚಿಮ್ಮು ಇಲ್ಲವಾಗುತ್ತದೆಂದು ಅವರು ಗುರುತಿಸಿದರು. ಸಿಫಿಲಿಸ್‌ನಿಂದ ಬರುವ ಈ ಕಾಯಿಲೆಗೆ ಆಗ ರಕ್ತಪರೀಕ್ಷೆಯ ನೆರವಿರಲಿಲ್ಲ. ವಾಸರ್‌ಮನ್ ಪರೀಕ್ಷೆ ಬಂದದ್ದು 1906ರಲ್ಲಿ. ಅಲ್ಲಿಯವರೆಗೆ ಅಲುಗಾಡದ ಕಾಲೇ ವೈದ್ಯರಿಗೆ ದೊಡ್ಡ ಸಾಕ್ಷಿ.

ಮೊದಮೊದಲು ಕೈಯಂಚಿನಿಂದಲೋ ಎದೆ ತಟ್ಟಿ ನೋಡುವ ಸಣ್ಣ ಸುತ್ತಿಗೆಯಿಂದಲೋ ಕೆಲಸ ಸಾಗುತ್ತಿತ್ತು. 1888ರಲ್ಲಿ ಫಿಲಡೆಲ್ಫಿಯಾದ ಜಾನ್ ಮ್ಯಾಡಿಸನ್ ಟೇಲರ್ ಇದಕ್ಕೆಂದೇ ತ್ರಿಕೋನಾಕಾರದ ರಬ್ಬರ್ ತಲೆಯ ಸುತ್ತಿಗೆ ರೂಪಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ಪ್ರತಿಕ್ರಿಯೆ ಕ್ಷೀಣವಾಗಿದ್ದರೆ ಎರಡೂ ಕೈಬೆರಳುಗಳನ್ನು ಕೊಕ್ಕೆಯಂತೆ ಹೆಣೆದು ಬಲವಾಗಿ ಎಳೆಯಲು ರೋಗಿಗೆ ಹೇಳುವ ಉಪಾಯ ಹಂಗೇರಿಯ ಎರ್ನೋ ಯೆಂಡ್ರಾಸಿಕ್ ಅವರದು.

ಇವು ಆಳದ ಪ್ರತಿಕ್ರಿಯೆಗಳು. ಮೇಲ್ಮೈಯವಕ್ಕೆ ಪೆಟ್ಟು ಬೇಡ, ಚರ್ಮ ಗೀರಿದರೆ ಸಾಕು. ಹೊಟ್ಟೆಯ ಚರ್ಮ ಗೀರಿದಾಗ ಹೊಕ್ಕುಳು ಗೀರಿದ ಕಡೆಗೆ ಸರಿಯುವುದು ಇಂಥದೊಂದು. ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಅಂಗಾಲಿನ ಪರೀಕ್ಷೆ. 1896ರಲ್ಲಿ ಪ್ಯಾರಿಸ್ಸಿನ ಜೋಸೆಫ್ ಬಾಬಿನ್‌ಸ್ಕಿ ಒಂದು ಪುಟಕ್ಕೂ ಕಡಿಮೆಯ ಟಿಪ್ಪಣಿಯಲ್ಲಿ ಇದನ್ನು ಮಂಡಿಸಿದರು. ಅಂಗಾಲಿನ ಹೊರಅಂಚನ್ನು ಹಿಮ್ಮಡಿಯಿಂದ ಮೇಲಕ್ಕೆ ಗೀರಿದರೆ ಆರೋಗ್ಯವಂತ ವಯಸ್ಕರ ಹೆಬ್ಬೆರಳು ಕೆಳಗೆ ಬಾಗುತ್ತದೆ. ಮಿದುಳಿನಿಂದ ಇಳಿಯುವ ಚಲನಾಮಾರ್ಗಕ್ಕೆ ಪೆಟ್ಟಾಗಿದ್ದರೆ ಮೇಲಕ್ಕೆ ಏಳುತ್ತದೆ. ಎಳೆಗೂಸುಗಳಲ್ಲಿ ಆ ಮಾರ್ಗ ಇನ್ನೂ ಬಲಿತಿರದ ಕಾರಣ ಹೆಬ್ಬೆರಳು ಏಳುವುದೇ ಸಹಜ. ಹಿಸ್ಟೀರಿಯಾದ ಲಕ್ವಕ್ಕೂ ನರಹಾನಿಯ ಲಕ್ವಕ್ಕೂ ವ್ಯತ್ಯಾಸ ಹೇಳಲು ತಡಕಾಡುತ್ತಿದ್ದ ಕಾಲಕ್ಕೆ ಇದು ಬೆಲೆಕಟ್ಟಲಾಗದ ಗುರುತು.

ಎರಡೂ ಬಗೆಯನ್ನು ಜೊತೆಗೇ ನೋಡುವುದಕ್ಕೆ ಕಾರಣವೂ ಇಲ್ಲಿದೆ. ಆ ಮಾರ್ಗ ಕೆಟ್ಟಾಗ ಕ್ರಮೇಣ ಮಂಡಿಯ ಚಿಮ್ಮು ಅತಿಯಾಗುತ್ತದೆ, ಹೊಟ್ಟೆಯ ಪ್ರತಿಕ್ರಿಯೆ ಮಾಯವಾಗುತ್ತದೆ. ಕಾಲಿನ ನರವೇ ಕೆಟ್ಟಿದ್ದರೆ ಮಂಡಿಯ ಚಿಮ್ಮೂ ಉಳಿಯುವುದಿಲ್ಲ.