ಹುಟ್ಟಿದ್ದು ಒಂದೂರು, ಹೆಸರಿಗೆ ಇನ್ನೊಂದೂರು

ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ಸುಮಾರು 1200ರ ಒಂದು ಶಾಸನವಿದೆ. ದಾನಶಾಸನವೆಂದು ಓದಲು ಹೊರಟರೆ ಸಿಗುವುದು ಒಬ್ಬನ ಬಾಳಿನ ಕಥೆ. ಏಕಾಂತದ ರಾಮಯ್ಯ ಆಳಂದೆಯವನು, ಪುರುಷೋತ್ತಮ ಭಟ್ಟನ ಮಗ. ಇಂದು ಲಕ್ಷ್ಮೇಶ್ವರವೆನಿಸಿರುವ ಪುಲಿಗೆರೆಯ ಸೋಮನಾಥನನ್ನು ಪೂಜಿಸಿ ಅಬಲೂರಿಗೆ ಬರುತ್ತಾನೆ. ಅಲ್ಲಿ ಸಂಕಗೌಂಡ ಮತ್ತವನ ಕಡೆಯ ಜೈನರೊಂದಿಗೆ ವಾದ ಬೆಳೆಯುತ್ತದೆ. ಪಣ ಬರಿಯ ಬಾಯಿಮಾತಲ್ಲ, ಓಲೆಯ ಮೇಲೆ ಬರೆದದ್ದು. ರಾಮಯ್ಯ ತನ್ನ ತಲೆಯನ್ನೇ ಕತ್ತರಿಸಿ ಶಿವನ ಮುಂದಿಟ್ಟು ಏಳು ದಿನದ ಮೇಲೆ ಮರಳಿ ಪಡೆದನಂತೆ. ಮುಂದೆ ದೊರೆ ಬಿಜ್ಜಳ ಜಯಪತ್ರ ಕೊಡುತ್ತಾನೆ, ಹಾನಗಲ್ಲಿನ ಕದಂಬ ಕಾಮದೇವ ಊರು ದತ್ತಿ ಬಿಡುತ್ತಾನೆ.

ಪವಾಡವನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಕಥೆ ಹೇಳಿದವನ ಜಾಣತನ ಮಾತ್ರ ಆ ಓಲೆಯಲ್ಲಿದೆ: ನಂಬಲಾಗದ ಸಂಗತಿಯ ಪಕ್ಕದಲ್ಲೇ ಕೈಗೆ ಸಿಗುವ ವಸ್ತುವೊಂದನ್ನು ಇಟ್ಟಿದ್ದಾನೆ. ಅಬಲೂರಿನ ಗುಡಿಯ ಶಿಲ್ಪಗಳಲ್ಲೂ ಈ ಪ್ರಸಂಗವಿದೆ, ಯಾವುದು ಏನೆಂದು ತಿಳಿಸುವ ಬರಹ ಸಮೇತ. ಕೊರತೆಯೂ ಉಂಟು. ಎದುರಾಳಿಗೆ ಹೆಸರಿದೆ, ಮನಸ್ಸಿಲ್ಲ. ಸಂಕಗೌಂಡ ಸೋಲುವುದಕ್ಕಷ್ಟೇ ಬಂದು ಹೋಗುತ್ತಾನೆ.

ಇದೇ ಸೀಮೆಯ ಸರ್ವಜ್ಞನ ಹೆಸರಿನಲ್ಲಿ ತಂದೆ ಬಸವರಸ, ತಾಯಿ ಮಾಳಿ, ಊರು ಮಾಸೂರು ಎಂದೆಲ್ಲ ಹೇಳುವ ತ್ರಿಪದಿಗಳಿವೆ. ಅವು ಅವನವೇ ಎಂಬುದಕ್ಕೆ ವಿದ್ವಾಂಸರ ಒಮ್ಮತವಿಲ್ಲ. ಬೇರೆಯವರು ಸೇರಿಸಿದ್ದಾದರೆ ಇನ್ನೂ ಸ್ವಾರಸ್ಯ: ಊರಿಲ್ಲದ, ತಾಯಿತಂದೆಯಿಲ್ಲದ ಸರ್ವಜ್ಞನನ್ನು ಜನ ಒಪ್ಪಲಿಲ್ಲವೆಂದಾಯಿತು.

ಆದರೆ ಆ ಊರು ಹುಟ್ಟಿದ ಊರೇ ಆಗಬೇಕೆಂಬ ಹಟ ಇಲ್ಲಿಯವರಿಗೆ ಇದ್ದಂತಿಲ್ಲ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಅಂಕಿತದಲ್ಲಿರುವುದು ಕಾಗಿನೆಲೆ. 1909ರಲ್ಲಿ ನವಾಬರ ಸವಣೂರಿನಲ್ಲಿ ಹುಟ್ಟಿದ ಕವಿ ವಿನಾಯಕ ಕೃಷ್ಣರ ಅಡ್ಡಹೆಸರು ಗೋಕಾಕ. ಶಿಶುನಾಳದಲ್ಲೇ ಹುಟ್ಟಿ ಶಿಶುನಾಳದವರಾಗಿಯೇ ಉಳಿದ ಶರೀಫರದು ಬೇರೆ ಮಾತು.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಾಂಧಾರಿ ಎಂಬ ಹುಡುಗಿ ಲೋಕಕ್ಕೆ ಗೊತ್ತಾದದ್ದು ಗಾಯಕಿ ಗಂಗೂಬಾಯಿ ಹಾನಗಲ್ ಎಂದು. ಅವರು ಹೇಳಿ ಎನ್ಕೆ ಕುಲಕರ್ಣಿ ಬರೆದುಕೊಂಡ ‘ನನ್ನ ಬದುಕಿನ ಹಾಡು’ ಈ ಸೀಮೆಗೆ ನಂಟಿರುವ ಆತ್ಮಕಥೆಗಳಲ್ಲಿ ಮುಖ್ಯವಾದದ್ದು. ಗಂಗೂಬಾಯಿ ನೆನೆಯುತ್ತಿದ್ದ ಧಾರವಾಡದ ಶುಕ್ರವಾರಪೇಟೆ ಬರಿಯ ಓಣಿಯಲ್ಲ. ಗ್ರಾಮಫೋನಿನ ದನಿ ಕೇಳಿದರೆ ಹುಡುಗಿ ಅತ್ತ ಓಡುತ್ತಿದ್ದಳು. ನೆರೆಯವರ ತೋಟದಲ್ಲಿ ಮಾವಿನಕಾಯಿ ಕದ್ದಾಗ ಬೈಗುಳ ಬಿತ್ತು. ಆ ತೋಟದ ಮನೆಯವರಿಗೆ ಕಳ್ಳತನಕ್ಕಿಂತ ಹಾಡುವವಳ ಮಗಳು ಒಳಗೆ ಕಾಲಿಟ್ಟದ್ದೇ ದೊಡ್ಡದಾಗಿತ್ತು. ಮುಂದೆ ಅದೇ ಜನ ಆಕೆಯನ್ನು ಊಟಕ್ಕೆ ಕರೆದರು. ಜಾತಿಯ ಬಗ್ಗೆ ಹತ್ತು ಪುಟ ಬರೆದರೂ ಆ ತೋಟದ ಬೇಲಿಯಷ್ಟು ಹೇಳಲಾಗದು.

1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ್ದನ್ನು ಯಾರಾದರೂ ಹೆಮ್ಮೆಯಿಂದ ಹೇಳಿಯಾರು. ಊಟದ ಹೊತ್ತಿಗೆ ತನ್ನ ಜಾತಿಯ ಕಾರಣಕ್ಕೆ ಏನು ಕಾದಿದೆಯೋ ಎಂದು ಅಂಜಿದ್ದನ್ನೂ ಗಂಗೂಬಾಯಿ ಮುಚ್ಚಿಡಲಿಲ್ಲ.

ಈ ಬಾಳಿನ ಕಥೆಯಲ್ಲಿ ಬಹು ಗಟ್ಟಿಯಾದ ಪಾತ್ರ ತಾಯಿ ಅಂಬಾಬಾಯಿಯದು. ಕರ್ನಾಟಕ ಸಂಗೀತದ ಗಾಯಕಿ, ಮಗಳ ಹಿಂದುಸ್ತಾನಿಗೆ ತೊಡಕಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಆ ತಾಯಿಯ ಬಗ್ಗೆ ಗುಣವಾಚಕಗಳ ಮಾಲೆ ಬೇಕಿಲ್ಲ, ಮಾಡಿದ ಕೆಲಸ ಸಾಕು. 1928ರಲ್ಲಿ ಮನೆಯನ್ನೇ ಹುಬ್ಬಳ್ಳಿಗೆ ಸಾಗಿಸಿದ್ದೂ ಮಗಳ ಕಲಿಕೆಗಾಗಿ. ಅಲ್ಲಿ ಹುಲಗೂರ ಕೃಷ್ಣಾಚಾರ್ಯರು ಸುಮಾರು 60 ಚೀಜುಗಳನ್ನು (ಹಿಂದುಸ್ತಾನಿ ರಚನೆಗಳನ್ನು) ಕಲಿಸಿದರು. ಅವರ ಹೆಸರಿಗೂ ಊರೊಂದು ಅಂಟಿದೆ: ಶಿಗ್ಗಾಂವಿ ಸೀಮೆಯ ಹುಲಗೂರು. ಅಂಬಾಬಾಯಿ 1932ರಲ್ಲಿ ತೀರಿಕೊಂಡರು. ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ, ಮಗಳು ಕಲಿಕೆ ಮುಂದುವರಿಸಿದರು.