ಬೇಲೂರು ಪಟ್ಟಣ: ಮನೆಯ ಕಸ ವಿಲೇವಾರಿ ಮತ್ತು ಕಸ ಸಂಗ್ರಹಣೆಯಲ್ಲಿನ ಬದಲಾವಣೆಗಳು – ನಾಗರಿಕರಿಗೆ ಮಾಹಿತಿ

ಹಿನ್ನೆಲೆ

ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಬೇಲೂರು ಯಗಚಿ ನದಿಯ ದಡದಲ್ಲಿದೆ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪಿತವಾದ ಶ್ರೀ ಚೆನ್ನಕೇಶವ ದೇವಾಲಯವು ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳೊಡನೆ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಚರಂಡಿಗೆ ಎಸೆದ ಕಸವು ಮಳೆಗಾಲದಲ್ಲಿ ಯಗಚಿಯನ್ನೂ, ಅಲ್ಲಿಂದ ಹೇಮಾವತಿಯನ್ನೂ ಸೇರುತ್ತದೆ. ಆದ್ದರಿಂದ ಪ್ರತಿ ಮನೆಯ ಕಸದ ವಿಲೇವಾರಿಯು ಇಡೀ ಊರಿಗೆ ಹಾಗೂ ನದಿಯ ಕೆಳಭಾಗದ ಗ್ರಾಮಗಳಿಗೆ ಸಂಬಂಧಿಸಿದ ವಿಷಯವಾಗಿರುತ್ತದೆ.

ನಿಯಮದಲ್ಲಿ ಆಗಿರುವ ಬದಲಾವಣೆ

2000ದ ನಿಯಮಗಳ ಬದಲಿಗೆ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು, 2016ರಂತೆ ಕಸವನ್ನು ಹಸಿ, ಒಣ ಮತ್ತು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು 3 ಭಾಗಗಳಾಗಿ ಬೇರ್ಪಡಿಸಬೇಕಾಗಿತ್ತು. ಕೇಂದ್ರ ಸರ್ಕಾರವು ಹೊರಡಿಸಿದ 2026ರ ನಿಯಮಗಳಲ್ಲಿ ಇದನ್ನು 4 ಭಾಗಗಳಿಗೆ ಹೆಚ್ಚಿಸಲಾಗಿದ್ದು, ಜಾರಿಯ ದಿನಾಂಕ 2026ರ ಏಪ್ರಿಲ್ 1 ಆಗಿರುತ್ತದೆ.

1. ಹಸಿ ಕಸ: ಉಳಿದ ಅಡುಗೆ, ತರಕಾರಿ ಮತ್ತು ಹಣ್ಣಿನ ಸಿಪ್ಪೆ, ಮಾಂಸ-ಮೀನಿನ ತ್ಯಾಜ್ಯ, ಹೂವು, ಬಾಳೆ ಎಲೆ. ಇದನ್ನು ಹಸಿರು ಬುಟ್ಟಿಯಲ್ಲಿ, ಪ್ಲಾಸ್ಟಿಕ್ ಚೀಲವಿಲ್ಲದೆ ಸಂಗ್ರಹಿಸುವುದು.
2. ಒಣ ಕಸ: ಕಾಗದ, ರಟ್ಟು, ಪ್ಲಾಸ್ಟಿಕ್, ಲೋಹ, ಗಾಜು, ರಬ್ಬರ್. ಇದನ್ನು ನೀಲಿ ಬುಟ್ಟಿಯಲ್ಲಿ ಸಂಗ್ರಹಿಸುವುದು. ಹಾಲಿನ ಕವರುಗಳನ್ನು ತೊಳೆದು ಒಣಗಿಸಿ ನೀಡಿದಲ್ಲಿ ಮರುಬಳಕೆಗೆ ಯೋಗ್ಯವಾಗುತ್ತವೆ.
3. ಸ್ಯಾನಿಟರಿ ತ್ಯಾಜ್ಯ: ಬಳಸಿದ ಡೈಪರ್, ಸ್ಯಾನಿಟರಿ ಪ್ಯಾಡ್ ಇತ್ಯಾದಿ. ಇವುಗಳನ್ನು ಹಳೆಯ ದಿನಪತ್ರಿಕೆಯಲ್ಲಿ ಭದ್ರವಾಗಿ ಸುತ್ತಿ ಪ್ರತ್ಯೇಕವಾಗಿ ನೀಡುವುದು. ಹಿಂದಿನಂತೆ ಒಣ ಕಸದ ಬುಟ್ಟಿಗೆ ಹಾಕತಕ್ಕದ್ದಲ್ಲ.
4. ವಿಶೇಷ ನಿಗಾ ತ್ಯಾಜ್ಯ: ಬಣ್ಣದ ಡಬ್ಬಿ, ಬಲ್ಬು, ಟ್ಯೂಬ್‌ಲೈಟ್, ಪಾದರಸದ ಥರ್ಮಾಮೀಟರ್, ಅವಧಿ ಮೀರಿದ ಔಷಧಿ. ಟ್ಯೂಬ್‌ಲೈಟುಗಳಲ್ಲಿ ಪಾದರಸವಿರುವುದರಿಂದ ಒಡೆಯದಂತೆ ಇಡುವುದು.

ಬೇರ್ಪಡಿಸುವುದು ಏಕೆ ಅಗತ್ಯ?

ಬೆರೆತ ಕಸವನ್ನು ಪೌರಕಾರ್ಮಿಕರು ಕೈಯಿಂದ ವಿಂಗಡಿಸಬೇಕಾಗುತ್ತದೆ. ಒಡೆದ ಗಾಜು, ಬ್ಲೇಡು ಮತ್ತು ಇಂಜೆಕ್ಷನ್ ಸೂಜಿಗಳಿಂದ ಅವರಿಗೆ ಗಾಯ ಹಾಗೂ ಸೋಂಕು ಉಂಟಾಗುವ ಅಪಾಯವಿದೆ. ಚೂಪಾದ ವಸ್ತುಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಮುಚ್ಚಿ, ಕಾರ್ಮಿಕರಿಗೆ ತಿಳಿಸಿ ಕೊಡಬೇಕು. ಹಸಿ ಕಸ ತಾಗಿದ ಕಾಗದ ಮತ್ತು ರಟ್ಟು ಮರುಬಳಕೆಗೆ ಬಾರದು. ಗಾಜಿನ ಚೂರು ಬೆರೆತ ಹಸಿ ಕಸ ಗೊಬ್ಬರಕ್ಕೆ ಬಾರದು.

ಮನೆಯಲ್ಲಿಯೇ ಗೊಬ್ಬರ

ಹಿತ್ತಲು ಇರುವವರು ಹಸಿ ಕಸವನ್ನು ಗುಂಡಿಯಲ್ಲಿ ಹಾಕಿ, ಪ್ರತಿ ಪದರದ ಮೇಲೆ ಒಣಗಿದ ಎಲೆ ಅಥವಾ ಮಣ್ಣು ಹರಡಿದಲ್ಲಿ ಸುಮಾರು 2ರಿಂದ 3 ತಿಂಗಳಲ್ಲಿ ಗೊಬ್ಬರ ದೊರೆಯುತ್ತದೆ. ಮಳೆಗಾಲದಲ್ಲಿ ಗುಂಡಿಗೆ ನೀರು ತುಂಬದಂತೆ ಮೇಲೆ ಹೊದಿಕೆ ಹಾಕುವುದು. ಎಳನೀರಿನ ಬುರುಡೆ, ತೆಂಗಿನ ಚಿಪ್ಪು ಮತ್ತು ಹಳೆಯ ಟೈರುಗಳಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಬೆಳೆಯುವುದರಿಂದ ಅವುಗಳನ್ನು ಬಯಲಿನಲ್ಲಿ ಬಿಡಬಾರದು.

ನಿಷೇಧಿತ ಕ್ರಮಗಳು

• ಕಸವನ್ನು ಬಯಲಿನಲ್ಲಿ ಸುಡುವುದು. ರಸ್ತೆ, ಚರಂಡಿ, ಕೆರೆ ಅಥವಾ ನದಿಗೆ ಎಸೆಯುವುದು.
• ಕಟ್ಟಡದ ಅವಶೇಷಗಳನ್ನು ಮನೆಯ ಕಸದೊಂದಿಗೆ ಸೇರಿಸುವುದು.
• ರಾಜ್ಯ ಸರ್ಕಾರವು 2016ರ ಮಾರ್ಚ್‌ನಲ್ಲಿ ನಿಷೇಧಿಸಿದ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್ ಮುಂತಾದವುಗಳ ಬಳಕೆ. ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ.

ಸಮಾರಂಭ ಮತ್ತು ಹೋಟೆಲುಗಳು

ಪರವಾನಗಿ ಇಲ್ಲದ ಸ್ಥಳದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭಗಳ ಬಗ್ಗೆ ಕನಿಷ್ಠ 3 ಕೆಲಸದ ದಿನಗಳ ಮುಂಚಿತವಾಗಿ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದು 2016ರ ನಿಯಮಗಳು ವಿಧಿಸಿದ್ದವು. ಮದುವೆ, ಗೃಹಪ್ರವೇಶ ನಡೆಸುವವರು ಈಗಲೂ ಹೀಗೆ ಮೊದಲೇ ತಿಳಿಸಿದಲ್ಲಿ ಕಸ ಸಾಗಿಸಲು ಏರ್ಪಾಡು ಮಾಡಲು ಅನುಕೂಲವಾಗುತ್ತದೆ. ದಿನಕ್ಕೆ 100 ಕಿಲೋಗ್ರಾಂ ಅಥವಾ ಹೆಚ್ಚು ಕಸ ಉತ್ಪಾದಿಸುವ ಸಂಸ್ಥೆಗಳು ಬೃಹತ್ ತ್ಯಾಜ್ಯ ಉತ್ಪಾದಕರೆಂದು ಪರಿಗಣಿಸಲ್ಪಡುತ್ತವೆ.

ಸೇವೆ ಪಡೆಯುವುದು ಮತ್ತು ದೂರು ಸಲ್ಲಿಸುವುದು ಹೇಗೆ?

ತಮ್ಮ ಬೀದಿಗೆ ಕಸದ ವಾಹನ ಬರುವ ದಿನ ಮತ್ತು ವೇಳೆಯನ್ನು ಪುರಸಭೆಯ ಕಚೇರಿಯಲ್ಲಿ ವಿಚಾರಿಸಬಹುದು. ವಾಹನ ಬಾರದಿದ್ದಲ್ಲಿ ವಾರ್ಡ್, ಬೀದಿ, ಆಸ್ತಿ ಸಂಖ್ಯೆ ಹಾಗೂ ವಾಹನ ಬಾರದ ದಿನಾಂಕಗಳನ್ನು ನಮೂದಿಸಿ ಮುಖ್ಯಾಧಿಕಾರಿಗಳಿಗೆ ಲಿಖಿತ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆಯುವುದು. ರಸೀದಿ ಇಲ್ಲದೆ ಯಾರಿಗೂ ಹಣ ನೀಡಬಾರದು. ಪರಿಹಾರ ದೊರೆಯದಿದ್ದಲ್ಲಿ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.

ಕಸವನ್ನು ಮೂಲದಲ್ಲಿಯೇ ಬೇರ್ಪಡಿಸಿ, ಪೌರಕಾರ್ಮಿಕರ ಆರೋಗ್ಯ ಮತ್ತು ಪಟ್ಟಣದ ಸ್ವಚ್ಛತೆಯನ್ನು ಕಾಪಾಡಲು ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.