ಒಡೆಯದ ಅಣೆಕಟ್ಟು: ಓಪನ್‌ಫೋಮ್ ಆವೃತ್ತಿಗಳ ಕಥೆ

ಕಡೂರು ತಾಲ್ಲೂಕಿನ ಮದಗದ ಕೆರೆ ಜನಪದ ಹಾಡಿನ ಮೂಲಕ ನಾಡಿಗೆಲ್ಲ ಪರಿಚಿತ. ಅದೇ ಸೀಮೆಯ ಸಖರಾಯಪಟ್ಟಣದ ಬಳಿ ಅಯ್ಯನಕೆರೆ ಇದೆ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು. ಭದ್ರೆಯಿಂದ 29.90 ಟಿಎಂಸಿ ನೀರನ್ನು ಎತ್ತಿ ಅಜ್ಜಂಪುರದ ಬಳಿಯ ಸುರಂಗದತ್ತ ಒಯ್ಯುವುದು ಭದ್ರಾ ಮೇಲ್ದಂಡೆ ಯೋಜನೆಯ ಲೆಕ್ಕ. ಕೆರೆಯ ಏರಿ ಒಡೆದರೆ ನೀರು ಎಷ್ಟು ಬೇಗ ಎಲ್ಲಿಗೆ ಮುಟ್ಟೀತು? ಕೋಡಿಯ ಕೆಳಗೆ ಅದು ನೆಲವನ್ನು ಎಷ್ಟು ರಭಸದಿಂದ ಕೊರೆದೀತು? ಈ ಊರುಗಳ ವಿದ್ಯಾರ್ಥಿಗಳಿಗೆ ಇವು ಕಣ್ಣೆದುರಿನ ಪ್ರಶ್ನೆಗಳು.

ಕಾಲುವೆಯ ಸಮ ಹರಿವಿಗೆ ಮ್ಯಾನಿಂಗ್ ಸೂತ್ರ ಸಾಕು. ಆದರೆ ಒಮ್ಮೆಲೇ ಕುಸಿದು, ಚಿಮ್ಮಿ, ಮಗುಚಿ ಬೀಳುವ ನೀರಿಗೆ ಅದು ಒದಗುವುದಿಲ್ಲ. ಅಲ್ಲಿ ಬೇಕಾಗುವುದು ಫ್ರಾನ್ಸಿನ ನೇವಿಯರ್ 1822ರಲ್ಲಿ ಮಂಡಿಸಿದ, 1845ರಲ್ಲಿ ಸ್ಟೋಕ್ಸ್ ಭದ್ರಪಡಿಸಿದ ಸಮೀಕರಣಗಳು. ಅವನ್ನು ಕಾಗದದ ಮೇಲೆ ಬಿಡಿಸಲು ಸಾಧ್ಯವಾಗುವುದು ಕೆಲವು ಸರಳ ಸಂದರ್ಭಗಳಲ್ಲಿ ಮಾತ್ರ. ಉಳಿದೆಡೆ ಜಾಗವನ್ನು ಸಣ್ಣ ಸಣ್ಣ ಕೋಶಗಳಾಗಿ ಸೀಳಿ, ಪ್ರತಿ ಕೋಶದ ಲೆಕ್ಕವನ್ನು ಗಣಕಕ್ಕೆ ಒಪ್ಪಿಸಬೇಕು. ಇದಕ್ಕೊಂದು ಜನಪ್ರಿಯ ವಿಧಾನವನ್ನು ಭಾರತೀಯ ಮೂಲದ ಸುಹಾಸ್ ಪಾಟಣಕರ್ ಮತ್ತು ಬ್ರಿಯಾನ್ ಸ್ಪಾಲ್ಡಿಂಗ್ 1972ರಲ್ಲಿ ಪ್ರಕಟಿಸಿದರು. ನೀರು ಮತ್ತು ಗಾಳಿಯ ನಡುವಿನ ಗಡಿಯನ್ನು ಹಿಡಿಯುವ ಉಪಾಯವನ್ನು ಹರ್ಟ್ ಮತ್ತು ನಿಕೋಲ್ಸ್ 1981ರಲ್ಲಿ ಕೊಟ್ಟರು. ಕೋಶದಲ್ಲಿ ಪೂರ್ತಿ ನೀರಿದ್ದರೆ 1, ಬರೀ ಗಾಳಿಯಿದ್ದರೆ 0, ಗಡಿಯಲ್ಲಿದ್ದರೆ ನಡುವಿನ ಒಂದು ಭಿನ್ನರಾಶಿ. ನಮ್ಮಲ್ಲೂ ಈ ಕೆಲಸ ನಿಂತಿರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲೇ ಪ್ರವಾಹದ ಲೆಕ್ಕಕ್ಕೆಂದು ಫ್ಲೋಸಾಲ್ವರ್ ಎಂಬ ಸಮಾಂತರ ಗಣಕ ಸಿದ್ಧವಾಯಿತು. ಅದರ ಕಥೆಯೇ ಬೇರೊಂದು ಲೇಖನಕ್ಕೆ ಆಗುವಷ್ಟಿದೆ.

ಹೆಚ್ಚುಕಡಿಮೆ ಅದೇ ಕಾಲಕ್ಕೆ, 1980ರ ದಶಕದ ಕೊನೆಯಲ್ಲಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆನ್ರಿ ವೆಲ್ಲರ್ ಹೊಸ ತಂತ್ರಾಂಶವೊಂದನ್ನು ಬರೆಯತೊಡಗಿದರು. ಆಗಿನ ವಾಡಿಕೆಯ ಫೋರ್‌ಟ್ರಾನ್ ಬಿಟ್ಟು ಸಿ++ ಭಾಷೆಯನ್ನು ಆರಿಸಿಕೊಂಡದ್ದು ಅವರ ಧೈರ್ಯ. ಕಾಗದದ ಮೇಲೆ ಸಮೀಕರಣ ಹೇಗೆ ಕಾಣುತ್ತದೋ ಕಾರ್ಯಕ್ರಮದಲ್ಲೂ ಹೆಚ್ಚುಕಡಿಮೆ ಹಾಗೆಯೇ ಕಾಣಬೇಕೆಂಬುದು ಉದ್ದೇಶ. ಕ್ರೊಯೇಷಿಯಾದ ಹರ್ವೊಯೆ ಯಾಸಕ್ ಮೊದಲಾದವರು ಜೊತೆಗೂಡಿದರು. ಫೋಮ್ ಎಂಬ ಹೆಸರಿನಲ್ಲಿ ಕೆಲಕಾಲ ಮಾರಾಟವೂ ಆಯಿತು. 2004ರ ಡಿಸೆಂಬರಿನಲ್ಲಿ ಅದನ್ನು ಓಪನ್‌ಫೋಮ್ ಎಂದು ಕರೆದು ಜಿಪಿಎಲ್ ಪರವಾನಗಿಯಡಿ ಬಿಡುಗಡೆ ಮಾಡಲಾಯಿತು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ದುಬಾರಿ ತಂತ್ರಾಂಶ ಕೊಳ್ಳಲಾಗದ ಕಾಲೇಜುಗಳಿಗೆ ಇದು ದೊಡ್ಡ ವರ.

ಕಲಿಯುವವರು ಮೊದಮೊದಲೇ ಮಾಡುವ ಪಾಠಗಳಲ್ಲೊಂದರ ಹೆಸರು ಡ್ಯಾಮ್‌ಬ್ರೇಕ್. 0.584 ಮೀಟರ್ ಅಗಲದ ತೊಟ್ಟಿ. ಅದರ ಎಡ ಮೂಲೆಯಲ್ಲಿ ಸುಮಾರು 0.146 ಮೀಟರ್ ಅಗಲ, 0.292 ಮೀಟರ್ ಎತ್ತರದ ನೀರಿನ ಕಂಬ. ನಡುವೆ 4.8 ಸೆಂಟಿಮೀಟರ್ ಎತ್ತರದ ಅಡ್ಡಗಟ್ಟೆ. ತಡೆ ತೆಗೆದೊಡನೆ ನೀರು ಕುಸಿದು, ಗಟ್ಟೆಗೆ ಬಡಿದು ನಾಲಗೆಯಂತೆ ಮೇಲೆ ಚಾಚುತ್ತದೆ. ಒಟ್ಟು ಕೋಶಗಳು 2,268 ಮಾತ್ರ. ಹಳೆಯ ಗಣಕದಲ್ಲೂ ಸಲೀಸಾಗಿ ಓಡುವ ಲೆಕ್ಕವಿದು.

ಆದರೆ ಯಾವ ಆವೃತ್ತಿಯಲ್ಲಿ? ತೊಡಕು ಇರುವುದು ಇಲ್ಲಿ. ನೀರಿನ ಪಾಲನ್ನು ಹೇಳುವ ಕಡತದ ಹೆಸರು 1.5ನೇ ಆವೃತ್ತಿಯಲ್ಲಿ ಗಾಮಾ ಎಂದಿತ್ತು. 2.1ರ ಹೊತ್ತಿಗೆ ಅದು ಆಲ್ಫಾ1 ಆಗಿತ್ತು. 2014ರ 2.3ರಲ್ಲಿ ಆಲ್ಫಾ.ವಾಟರ್ ಆಯಿತು. ಹಳೆಯ ಕಡತವನ್ನು ಹೊಸ ಆವೃತ್ತಿಗೆ ಕೊಟ್ಟರೆ ಅದು ಕಡತ ಸಿಗಲಿಲ್ಲವೆಂದು ಹೇಳಿ ನಿಂತುಬಿಡುತ್ತದೆ. ಅಣೆಕಟ್ಟು ಒಡೆಯುವುದೇ ಇಲ್ಲ! ಮುಂದೆ ಪ್ರಕ್ಷುಬ್ಧತೆಯ ಮಾದರಿಯನ್ನು ಸೂಚಿಸುವ ಕಡತದ ಹೆಸರೂ ಬದಲಾಯಿತು, ಜಾಲರಿಯ ವಿವರವಿರುವ ಕಡತದ ಜಾಗವೂ ಬದಲಾಯಿತು.

ಇದಕ್ಕೆ ಕವಲುಗಳ ಗೊಂದಲವೂ ಸೇರಿಕೊಂಡಿತು. ಯಾಸಕ್ ಅವರ ಬಳಗ ಫೋಮ್-ಎಕ್ಸ್‌ಟೆಂಡ್ ಎಂಬ ಬೇರೆ ಕವಲನ್ನು ಬೆಳೆಸಿತು. ಓಪನ್‌ಸಿಎಫ್‌ಡಿ ಸಂಸ್ಥೆಯನ್ನು 2011ರಲ್ಲಿ ಎಸ್‌ಜಿಐ ಕೊಂಡಿತು, ಮರುವರ್ಷವೇ ಅದು ಇಎಸ್‌ಐ ಸಮೂಹದ ಪಾಲಾಯಿತು. ಅತ್ತ ಓಪನ್‌ಫೋಮ್ ಫೌಂಡೇಶನ್ ತನ್ನದೇ ಬಿಡುಗಡೆಗಳನ್ನು ಮುಂದುವರಿಸಿತು. ಹೀಗಾಗಿ ಒಂದೇ ಹೆಸರಿನ ಎರಡು ತಂತ್ರಾಂಶಗಳು ಇಂದು ನಮ್ಮ ಮುಂದಿವೆ. ಫೌಂಡೇಶನ್ನಿನವು 7, 8, 9 ಎಂದು ಎಣಿಸಿಕೊಳ್ಳುತ್ತವೆ. ಇನ್ನೊಂದು ಕವಲು ವರ್ಷ-ತಿಂಗಳನ್ನು ಜೋಡಿಸಿ 1712, 2312 ಎಂದು ಬರೆಯುತ್ತದೆ. 2023ರಲ್ಲಿ ಬಂದ 11ನೇ ಆವೃತ್ತಿಯಲ್ಲಿ ಡ್ಯಾಮ್‌ಬ್ರೇಕ್ ಓಡಿಸುತ್ತಿದ್ದ ಇಂಟರ್‌ಫೋಮ್‌ನ ಜಾಗಕ್ಕೆ ಫೋಮ್‌ರನ್ ಬಂತು. ಇನ್ನೊಂದು ಕವಲಿನಲ್ಲಿ ಇಂಟರ್‌ಫೋಮ್ ಹಾಗೆಯೇ ಉಳಿಯಿತು. ಬೆಳೆಯುವ ತಂತ್ರಾಂಶದಲ್ಲಿ ಬದಲಾವಣೆ ಸಹಜ, ನಿಜ. ಆದರೆ ಹೆಸರುಗಳನ್ನು ಇಷ್ಟು ಸಲೀಸಾಗಿ ಬದಲಿಸಿದ್ದರ ಬೆಲೆ ತೆತ್ತವರು ಸಣ್ಣ ಊರುಗಳಲ್ಲಿ ಒಂಟಿಯಾಗಿ ಕಲಿಯುವವರೇ ಎಂದು ನನಗನ್ನಿಸುತ್ತದೆ.

ಹಾಗಾದರೆ ಹಳೆಯ ಆವೃತ್ತಿಯನ್ನೇ ಹೊಸ ಗಣಕದಲ್ಲಿ ಕಟ್ಟಿಕೊಳ್ಳಬಹುದಲ್ಲ ಎನ್ನುತ್ತೀರಾ? ಅಲ್ಲೊಂದು ಸ್ವಾರಸ್ಯವಿದೆ. ಓಪನ್‌ಫೋಮ್ ಕಟ್ಟಲು ಫ್ಲೆಕ್ಸ್ ಎಂಬ ಸಹಾಯಕ ಸಾಧನ ಬೇಕು. 2.5.34ಕ್ಕಿಂತ ಹಳೆಯ ಫ್ಲೆಕ್ಸ್‌ಗೆ ಒಂದು ಕ್ರಮ, ಅಲ್ಲಿಂದ ಮುಂದಿನದಕ್ಕೆ ಇನ್ನೊಂದು. ಇದನ್ನು ಗುರುತಿಸಲು ಬರೆದ ಸಾಲು ಕೊನೆಯ ಅಂಕಿಯನ್ನಷ್ಟೇ ನೋಡಿ, 34ಕ್ಕಿಂತ ಕಡಿಮೆಯೇ ಎಂದು ಕೇಳುತ್ತಿತ್ತು. ಮುಂದೆ ಫ್ಲೆಕ್ಸ್ 2.6.0 ಬಂತು. ಕೊನೆಯ ಅಂಕಿ ಸೊನ್ನೆ! ಹೊಸದನ್ನು ಹಳೆಯದೆಂದು ತಿಳಿದ ತಂತ್ರಾಂಶ ಕಟ್ಟುವ ಹಂತದಲ್ಲೇ ಎಡವಿತು. ನಡುವಿನ ಅಂಕಿ 6ಕ್ಕಿಂತ ಕಡಿಮೆಯೇ ಎಂಬ ಇನ್ನೊಂದು ಪರೀಕ್ಷೆಯನ್ನು ಸೇರಿಸಿ ಬಳಕೆದಾರರು ಅದನ್ನು ಸರಿಪಡಿಸಿಕೊಂಡರು. ಮೂಲ ಸಂಕೇತ ಕೈಯಲ್ಲಿದ್ದುದರಿಂದ ಇದು ಸಾಧ್ಯವಾಯಿತು.

ನಿಂತುಹೋಗುವ ತಂತ್ರಾಂಶದಿಂದ ಅಪಾಯ ಕಡಿಮೆ. ಅದು ತಪ್ಪನ್ನು ಹೇಳಿಯೇ ನಿಲ್ಲುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಓಡಿಯೂ ಬೇರೆ ಉತ್ತರ ಕೊಟ್ಟಾಗ. ನೀರು-ಗಾಳಿಯ ಗಡಿಯನ್ನು ಸಾಗಿಸುವ ಗಣಿತ ಕ್ರಮ 2.3ರಲ್ಲಿ ವಿಸ್ತಾರಗೊಂಡಿತು. ಇಂಥ ಬದಲಾವಣೆಗಳಿಂದ ಅದೇ ತೊಟ್ಟಿ, ಅದೇ ನೀರು ಇದ್ದರೂ ಅಲೆಯ ಆಕಾರದಲ್ಲಿ ಸಣ್ಣ ಅಂತರ ಬರಬಹುದು. ಇಬ್ಬರು ವಿದ್ಯಾರ್ಥಿಗಳ ಫಲಿತಾಂಶ ಹೊಂದದಿದ್ದರೆ ತಪ್ಪು ಯಾರದು? ಆವೃತ್ತಿಯನ್ನು ಬರೆದಿಡದಿದ್ದರೆ ಹೇಳಲು ದಾರಿಯಿಲ್ಲ. ಕೋಡಿಯ ಕೆಳಗಿನ ಹೊಲಕ್ಕೆ ಅಪಾಯವಿದೆಯೇ ಎಂಬ ಲೆಕ್ಕದಲ್ಲಿ ಈ ಪ್ರಶ್ನೆ ಇನ್ನಷ್ಟು ತೂಕದ್ದು.

ಐಐಟಿ ಬಾಂಬೆಯ ಫಾಸೀ ಯೋಜನೆಯ ಮೂಲಕ ಓಪನ್‌ಫೋಮ್ ಪಾಠಗಳು ದೇಶದ ಕಾಲೇಜುಗಳನ್ನು ತಲುಪಿವೆ. ಬಳಸುವ ಕಾರ್ಯವ್ಯವಸ್ಥೆ ಯಾವುದು, ಓಪನ್‌ಫೋಮ್‌ನ ಆವೃತ್ತಿ ಯಾವುದು ಎಂದು ಪಾಠದ ಆರಂಭದಲ್ಲೇ ಹೇಳುವ ಪದ್ಧತಿ ಅಲ್ಲಿದೆ. ನಮ್ಮ ಪ್ರಾಜೆಕ್ಟ್ ವರದಿಗಳಲ್ಲೂ ಇದು ಬರಬೇಕು. ಆದರೆ ಒಂದು ಎಚ್ಚರಿಕೆ: ಹಲವು ಕಡತಗಳ ಮೇಲ್ಭಾಗದಲ್ಲಿ ವರ್ಷನ್ 2.0 ಎಂದು ಬರೆದಿರುತ್ತದೆ. ಅದು ಕಡತ ವಿನ್ಯಾಸದ ಸಂಖ್ಯೆ, ತಂತ್ರಾಂಶದ್ದಲ್ಲ. ಅದಕ್ಕೂ ಮೇಲಿನ ಅಲಂಕಾರದ ಚೌಕಟ್ಟಿನಲ್ಲಿ ತಂತ್ರಾಂಶದ ಆವೃತ್ತಿ ಇರುತ್ತದಾದರೂ ಅದು ಬರೀ ಟಿಪ್ಪಣಿ. ಹಳೆಯ ಕಡತವನ್ನು ನಕಲು ಮಾಡಿದರೆ ಹಳೆಯ ಸಂಖ್ಯೆಯೇ ಉಳಿದಿರುತ್ತದೆ. ನಂಬಬೇಕಾದದ್ದು ಲೆಕ್ಕ ಓಡುವಾಗ ತೆರೆಯ ಮೇಲೆ ಮೊದಲು ಮೂಡುವ ಬಿಲ್ಡ್ ಎಂಬ ಸಾಲನ್ನು. ಅದನ್ನು ನಕಲಿಸಿ ವರದಿಯ ಮೊದಲ ಪುಟಕ್ಕೆ ಅಂಟಿಸಲು ಅರ್ಧ ನಿಮಿಷ ಸಾಕು.